ಕೊಟೇಷನ್‌ನಲ್ಲಿದ್ದ ಹದಿನೆಂಟು ನಿಮಿಷ

ದಾವಣಗೆರೆಯ ನಮ್ಮ ಟ್ರಾವೆಲ್ ಕಚೇರಿಯ ಕೊಟೇಷನ್ ಸಾಫ್ಟ್‌ವೇರ್‌ಗೆ ಎರಡು ಊರುಗಳ ಹೆಸರು ಕೊಟ್ಟರೆ ಸಾಕು, ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಸಮಯ ತಾನಾಗಿ ಮೂಡುತ್ತವೆ. ಶಿವಮೊಗ್ಗ–ಬೆಂಗಳೂರು ಎಂದರೆ ಸುಮಾರು 240 ಕಿ.ಮೀ., 18 ನಿಮಿಷ. ದೂರ ಸರಿಯೇ, ಅದು ನೇರ ಗೆರೆಯ ಲೆಕ್ಕ. ಸಮಯ ಮಾತ್ರ ಸುಳ್ಳು. ಯಾವ ಮಾರ್ಗವಾದರೂ ಅದು ಗಂಟೆಗೆ 800 ಕಿ.ಮೀ. ಎಂದು ಹಿಡಿದು ಭಾಗಿಸುತ್ತದೆ. ನಾವು ಟಿಕೆಟ್ ಮಾಡುವುದು ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನಕ್ಕೆ. ಮೇಲೇರಿ ನೆಟ್ಟಗೆ ಹಾರುವಾಗಲೂ ಅದರ ವೇಗ 500ರ ಆಸುಪಾಸು. ಏರುವ, ಇಳಿಯುವ, ನೆಲದ ಮೇಲೆ ಉರುಳುವ ಹೊತ್ತೂ ಸೇರಿದರೆ ಬ್ಲಾಕ್ ಟೈಮ್, ಅಂದರೆ ಹೊರಟ ಜಾಗ ಬಿಟ್ಟು ತಲುಪಿದ ಜಾಗದಲ್ಲಿ ನಿಲ್ಲುವವರೆಗಿನ ಒಟ್ಟು ಸಮಯ, ಒಂದು ಗಂಟೆಯ ಸುಮಾರು.

ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ 2023ರ ಆಗಸ್ಟ್ 31ರಂದು ವಿಮಾನ ಸಂಚಾರ ಆರಂಭವಾದ ಮೇಲೆ ದಾವಣಗೆರೆಯವರು ಆ ಕಡೆಯ ಟಿಕೆಟ್ ಕೇಳತೊಡಗಿದರು. ವಿಮಾನ ಹತ್ತಲು ಹುಬ್ಬಳ್ಳಿಗೆ ಸುಮಾರು 150 ಕಿ.ಮೀ., ಬೆಂಗಳೂರಿಗೆ 260 ಕಿ.ಮೀ. ಹೋಗುವವರಿಗೆ ಅದು ಹತ್ತಿರ.

ಪಿ.ಜೆ. ಬಡಾವಣೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿ ದೆಹಲಿಯ ಮಗನ ಮನೆಗೆ ಹೊರಟಿದ್ದರು. ಮಾಲೀಕರು ಕೊಟೇಷನ್ ಕಳುಹಿಸಿದರು. ಮಗ ಅದರಲ್ಲಿನ 18 ನಿಮಿಷವನ್ನು ನಂಬಿ, ಬೆಂಗಳೂರು–ದೆಹಲಿ ಟಿಕೆಟನ್ನು ತಾನೇ ಬೇರೆ ಪಿಎನ್‌ಆರ್‌ನಲ್ಲಿ, ಅಂದರೆ ಬೇರೆಯೇ ಬುಕಿಂಗ್ ಆಗಿ, ಮಾಡಿಬಿಟ್ಟ. ಹನ್ನೊಂದೂವರೆಗೆ ಹೊರಟವರು ಹನ್ನೆರಡರೊಳಗೆ ಇಳಿಯುತ್ತಾರೆ, ಎರಡೂಕಾಲರ ವಿಮಾನಕ್ಕೆ ಬೇಕಾದಷ್ಟು ಹೊತ್ತಿದೆ ಎಂಬುದು ಅವನ ಲೆಕ್ಕ.

ಆ ದಿನ ನಾನು ಮೊಬೈಲ್‌ನಲ್ಲಿ ವಿಮಾನದ ಜಾಡು ನೋಡುತ್ತಾ ಕುಳಿತಿದ್ದೆ. ಹನ್ನೆರಡೂವರೆ ಆಯಿತು. ಎಟಿಆರ್ ಬೆಂಗಳೂರಿನ ಹತ್ತಿರ ಬಂದು, ಇಳಿಯದೆ ತಿರುಗಿ ಒಂದು ಸುತ್ತು ಹಾಕಿತು. ಮತ್ತೊಂದು ಸುತ್ತು. ಒಂದಕ್ಕೆ ಕಾಲು ಗಂಟೆ ಇದ್ದಾಗ ಇಳಿಯಿತು. ಒಂದೂಕಾಲಕ್ಕೆ ದೆಹಲಿ ವಿಮಾನದ ಚೆಕ್-ಇನ್ ಕೌಂಟರ್ ಮುಚ್ಚುತ್ತದೆ. ವಿಮಾನ ನಿಂತದ್ದು ಟರ್ಮಿನಲ್‌ನಿಂದ ದೂರದ ರಿಮೋಟ್ ಬೇಯಲ್ಲಿ. ಬಸ್ಸು ಹತ್ತಬೇಕು, ಬೆಲ್ಟ್‌ನ ಬಳಿ ಬ್ಯಾಗ್ ಕಾಯಬೇಕು, ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಒಂದೇ ಪಿಎನ್‌ಆರ್ ಆಗಿದ್ದರೆ ಬ್ಯಾಗ್ ನೇರ ದೆಹಲಿಗೆ ಹೋಗುತ್ತಿತ್ತು. ನಾನು ಮೇಷ್ಟ್ರಿಗೆ ಕರೆ ಮಾಡಿದೆ. “ಬ್ಯಾಗ್ ಇನ್ನೂ ಬಂದಿಲ್ಲಮ್ಮಾ” ಎಂದರು. ಆಗಲೇ ಒಂದು ದಾಟಿ ಹತ್ತು ನಿಮಿಷ. ಮತ್ತೆ ಅವರೇ ಕರೆದಾಗ ದನಿ ಸಣ್ಣದಾಗಿತ್ತು: “ಕೌಂಟರ್ ಮುಚ್ಚಿದೆಯಂತೆ. ನಾವು ಈಗ ಏನು ಮಾಡಬೇಕಮ್ಮಾ?”

ಆ ಹಿರಿಯರು ರಾತ್ರಿಯೆಲ್ಲ ಕುರ್ಚಿಯಲ್ಲೇ ಕುಳಿತು, ದುಬಾರಿ ಟಿಕೆಟ್ ಕೊಂಡು ಬೆಳಿಗ್ಗೆ ಹೋದರು. ಎರಡನೇ ಟಿಕೆಟ್ ನಮ್ಮದಲ್ಲ, ಹೊಣೆಯೂ ನಮ್ಮದಲ್ಲ ಎಂದರು ಮಾಲೀಕರು. ನಾನು ಒಪ್ಪುವುದಿಲ್ಲ. ಮಗ ನಂಬಿದ ಸಂಖ್ಯೆ ನಮ್ಮ ಲೆಟರ್‌ಹೆಡ್ ಮೇಲಿತ್ತು. ಸಾಫ್ಟ್‌ವೇರ್‌ನವರಿಗೆ ಬರೆದೆವು, ಅದು ಅಂದಾಜು ಮಾತ್ರ ಎಂದು ಉತ್ತರ ಬಂತು. ಅಂದಾಜು ಎಂಬ ಪದ ಆ ಹಾಳೆಯಲ್ಲಿ ಎಲ್ಲೂ ಇಲ್ಲ.

ಈಗ ಪ್ರತಿ ಕೊಟೇಷನ್‌ನಲ್ಲೂ ಆ ಸಾಲನ್ನು ಪೆನ್ನಿನಿಂದ ಹೊಡೆದು ವೇಳಾಪಟ್ಟಿಯ ಸಮಯವನ್ನು ಬರೆಯುತ್ತೇನೆ. ಅದರ ಕೆಳಗೆ ಮನೆ ಬಿಡಬೇಕಾದ ಹೊತ್ತನ್ನೂ ಬರೆಯುತ್ತೇನೆ, ಏಕೆಂದರೆ ಮಲೇಬೆನ್ನೂರು, ಹೊನ್ನಾಳಿ ದಾಟಿ ಶಿವಮೊಗ್ಗ ನಗರವನ್ನೂ ಹಾದ ಮೇಲೆಯೇ ಸೋಗಾನೆ ಸಿಗುವುದು. ಹಾಳೆ ಗಲೀಜಾಗಿ ಕಾಣುತ್ತದೆ ಎಂದು ಮಾಲೀಕರ ಆಕ್ಷೇಪ. ಮುಂದಿನ ವಿಮಾನ ಬೇರೆ ಪಿಎನ್‌ಆರ್‌ನಲ್ಲಿದ್ದರೆ, ನಡುವೆ ನಾಲ್ಕು ಗಂಟೆ ಇಲ್ಲದೆ ನಾನು ಟಿಕೆಟ್ ಮಾಡುವುದಿಲ್ಲ ಎಂದು ಅವರಿಗೆ ಹೇಳಿಬಿಟ್ಟಿದ್ದೇನೆ.