‘ಎಲ್ಲಿ?’ ಎಂದು ಕೇಳುತ್ತಿದ್ದ ಮೇಷ್ಟ್ರು

ನಮ್ಮ ಕನ್ನಡ ಮೇಷ್ಟ್ರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದ ಮೇಲೆ ತೀರ್ಥಹಳ್ಳಿ, ಸಾಗರ, ಬೆಂಗಳೂರು ಅಂತ ಎಲ್ಲೆಲ್ಲೋ ಇರುವವರು ನೆನೆಸಿಕೊಂಡದ್ದು ಒಂದೇ ಮಾತನ್ನು. ನಮ್ಮ ಹಾಳೆಯ ಅಂಚಿನಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ‘ಎಲ್ಲಿ?’ ಕವಿತೆ ಬಹಳ ಚೆನ್ನಾಗಿದೆ ಎಂದು ಬರೆದರೆ ‘ಎಲ್ಲಿ?’ ಕಥೆ ಮನಸ್ಸು ಕಲಕಿತು ಎಂದರೆ ‘ಎಲ್ಲಿ? ಯಾವ ಸಾಲಿನಲ್ಲಿ?’ ಆ ವರ್ಷಗಳಲ್ಲಿ ಪಠ್ಯಕ್ಕೆ ಏನೇನಿತ್ತು ಎಂಬುದು ಯಾರಿಗೂ ಪೂರ್ತಿ ನೆನಪಿಲ್ಲ. ಓದಿದ್ದನ್ನು, ನೋಡಿದ್ದನ್ನು ಕುರಿತು ಬರೆಯುವುದು ಹೇಗೆ ಎಂದು ಅವರು ಹಾಕಿಕೊಟ್ಟ ಕ್ರಮ ಮಾತ್ರ ಕೈಯಲ್ಲಿ ಉಳಿದಿದೆ. ಹಳೆ ವಿದ್ಯಾರ್ಥಿಗಳ ಸಂಘದ ಸಂಚಿಕೆಗೆ ಅದನ್ನೇ ಬರೆದುಕೊಡುತ್ತಿದ್ದೇನೆ. ಬರೀ ಗುಣಗಾನಕ್ಕಿಂತ ಈಗ ಓದುತ್ತಿರುವ ಮಕ್ಕಳಿಗೆ ಇದರಿಂದ ಉಪಯೋಗ ಹೆಚ್ಚು.

ಪದ್ಯವಾದರೆ ಮೂರು ಓದು. ಮೊದಲನೆಯದು ಗಟ್ಟಿಯಾಗಿ, ಪೆನ್ನು ಮುಟ್ಟದೆ. ಎರಡನೆಯದರಲ್ಲಿ ನಾಲಿಗೆ ಎಡವಿದ ಕಡೆ, ಅರ್ಥ ತಿಳಿಯದ ಕಡೆ, ಸುಮ್ಮನೆ ಹಿತವಾದ ಕಡೆ ಗೆರೆ. ಮೂರನೆಯದು ನಿಘಂಟು ಪಕ್ಕದಲ್ಲಿಟ್ಟುಕೊಂಡು. ಆಮೇಲೆ ನೋಟ್‌ಬುಕ್ಕಿನ ಎರಡು ಪುಟ ಬಿಚ್ಚಿ, ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು. ಬಲಪುಟದ ಒಂದೊಂದು ಮಾತಿಗೂ ಎಡಪುಟದಲ್ಲಿ ಒಂದು ಪದವೋ ಸಾಲೋ ಆಧಾರವಾಗಿ ಸಿಗಬೇಕು. ಸಿಗದಿದ್ದರೆ ಆ ಮಾತು ಹೊಡೆದುಹಾಕಬೇಕು. ‘ನಿಂಗೆ ಹಾಗೆ ಅನ್ಸಿದ್ದು ಸರಿ ಮಾರಾಯ, ಎಲ್ಲಿಂದ ಅನ್ಸ್ತು ಅದನ್ನ ಹೇಳು’ ಎನ್ನುತ್ತಿದ್ದರು. ಅನಿಸಿದ್ದನ್ನು ಅವರು ಎಂದೂ ತಪ್ಪು ಎಂದವರಲ್ಲ.

ಅವರು ಪಾಠ ಮಾಡಿದ್ದರಲ್ಲಿ ನನಗೆ ಅಚ್ಚೊತ್ತಿದಂತೆ ಉಳಿದದ್ದು ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸ್ವರ ಸಂಯೋಜನೆಯಲ್ಲಿ ಕ್ಯಾಸೆಟ್ ಬಂದ ಮೇಲೆ ಅದು ಮನೆಮನೆಯ ಹಾಡು. ತೊಡಕು ಇರುವುದೂ ಅಲ್ಲೇ. ಆ ಪದ್ಯದ ಬಗ್ಗೆ ಬರಿ ಎಂದರೆ ಹುಡುಗರು ಬರೆಯುವುದು ರಾಗದ ಬಗ್ಗೆ. ಆದ್ದರಿಂದ ಮೊದಲು ರಾಗ ಬಿಟ್ಟು, ಸುದ್ದಿ ಓದುವ ಹಾಗೆ ಓದಿಸಿದರು. ನಂತರ ಬೋರ್ಡಿನ ಮೇಲೆ ಪ್ರಸ್ತಾರ, ಅಂದರೆ ಒಂದೊಂದು ಅಕ್ಷರವನ್ನೂ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಎಂದು ಗುರುತಿಸುವುದು. ‘ಜೋಗದ ಸಿರಿ’ ಆರು ಮಾತ್ರೆ. ಜೋಗ, ದಸಿರಿ ಎಂದು ಮೂರು ಮೂರಾಗಿ ಒಡೆಯುತ್ತದೆ. ‘ತುಂಗೆಯ ತೆನೆ’ಯೂ ಹಾಗೆಯೇ, ತುಂಗೆ, ಯತೆನೆ. ನೀರು ಹರಿಯುವ ಸಾಲುಗಳಲ್ಲಿ ಮೂರು ಮಾತ್ರೆಯ ನಡೆ ಎಲ್ಲೂ ಎಡವುವುದಿಲ್ಲ. ‘ಸಹ್ಯಾದ್ರಿಯ’ ಎಂಬಲ್ಲಿಗೆ ಬಂದಾಗ ಮಾತ್ರೆ ಆರೇ, ಆದರೆ ಎರಡು ಗುರು, ಎರಡು ಲಘು. ಮೂರಕ್ಕೆ ಒಡೆಯಲು ಹೋದರೆ ‘ಹ್ಯಾ’ ಎಂಬ ದೀರ್ಘದ ನಡುವೆಯೇ ಕತ್ತರಿ ಬೀಳುತ್ತದೆ. ಅದೇ ಸಾಲಿನ ‘ಉತ್ತುಂಗದ’ ಎಂಬುದೂ ಹಾಗೇ. ಬೆಟ್ಟ ಬಂದ ಕಡೆ ನಡಿಗೆ ತಡೆದು ನಿಲ್ಲುತ್ತದೆ. ಇನ್ನು ‘ನಿತ್ಯೋತ್ಸವ’ ಎಂಬ ಪದಕ್ಕೇ ಪ್ರಸ್ತಾರ ಹಾಕಿದರೆ? ಗುರು, ಗುರು, ಲಘು, ಲಘು. ಬೆಟ್ಟದ ಸಾಲು ಆ ಪಲ್ಲವಿಗೆ ಕಿವಿಯನ್ನು ಮೊದಲೇ ಹದ ಮಾಡಿಟ್ಟಿರುತ್ತದೆ. ಇದು ಬೋರ್ಡಿನ ಮೇಲೆ ಮೂಡಿದಾಗ ಇಡೀ ತರಗತಿ ಸುಮ್ಮನಾಗಿತ್ತು.

ಪ್ರಸ್ತಾರದಲ್ಲಿ ಎಲ್ಲರೂ ಮುಗ್ಗರಿಸುವ ಜಾಗವೊಂದಿದೆ. ಒತ್ತಕ್ಷರ ಕಂಡ ಕೂಡಲೇ ಅದಕ್ಕೇ ಗುರು ಹಾಕಿಬಿಡುತ್ತಾರೆ. ಗುರುವಾಗುವುದು ಅದರ ಹಿಂದಿನ ಅಕ್ಷರ. ‘ಸಹ್ಯಾದ್ರಿಯ’ದಲ್ಲಿ ‘ಸ’ ಗುರುವಾದದ್ದು ಮುಂದೆ ಒತ್ತು ಇರುವುದರಿಂದ, ‘ಹ್ಯಾ’ ಹೇಗೂ ದೀರ್ಘ, ‘ದ್ರಿ’ ಲಘು. ಅದಕ್ಕೂ ಗುರು ಹಾಕಿದರೆ ಲೆಕ್ಕ ಏಳಕ್ಕೆ ಹೋಗಿ, ಕವಿಯೇ ತಪ್ಪಿದ್ದಾರೆ ಎಂದು ಬರೆಯುವ ಧೈರ್ಯವೂ ಬಂದುಬಿಡುತ್ತದೆ.

ಕವಿಯ ವಿಚಾರ ಕೊನೆಗೆ, ಅದೂ ಪದ್ಯಕ್ಕೆ ಬೇಕಾದಷ್ಟೇ. ಹುಟ್ಟಿದ ಊರು, ಬಂದ ಪ್ರಶಸ್ತಿ ಎಂದು ಅರ್ಧ ಪುಟ ತುಂಬಿಸಿದರೆ ಅಷ್ಟಕ್ಕೂ ಅಡ್ಡಗೆರೆ. ನಿಸಾರ್ ಅಹಮದ್ ಅವರು ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು ಎಂಬ ಒಂದು ಸಂಗತಿಯನ್ನು ಮಾತ್ರ ಮೇಷ್ಟ್ರು ಹೇಳಿದರು, ಹೇಳಿ ‘ಲೋಹದದಿರ’ ಎಂಬ ಪದದ ಮೇಲೆ ಬೆರಳಿಟ್ಟರು. ಬೆಟ್ಟ ಎಂದರೆ ಹಸಿರು, ಮಂಜು ಎನ್ನುವವರೇ ಎಲ್ಲ. ಬೆಟ್ಟದ ಹೊಟ್ಟೆಯೊಳಗಿನ ಅದಿರು ಕಂಡದ್ದು ಕಲ್ಲು ಓದಿ ಬಲ್ಲ ಕಣ್ಣಿಗೆ.

ನಮ್ಮ ಬ್ಯಾಚಿನ ಕಿತಾಪತಿಯೂ ಇದೇ ವಿಷಯದ್ದು. ಹಾಸ್ಟೆಲಿನ ಹುಡುಗರು ಗೈಡು ನೋಡಿ ಒಂದು ವಿಮರ್ಶೆ ತಯಾರಿಸಿ, ಕವಿತೆಯ ಹೆಸರಿನ ಜಾಗ ಖಾಲಿ ಬಿಟ್ಟು, ಎಲ್ಲರಿಗೂ ಹಂಚಿದರು. ಯಾವ ಪದ್ಯ ಕೊಟ್ಟರೂ ಹೆಸರು ತುಂಬಿದರಾಯಿತು. ಹಾಳೆಗಳು ಒಂದೇ ಥರ ಇರುವುದು ಮೇಷ್ಟ್ರಿಗೆ ತಿಳಿಯದೆ ಇರುತ್ತದೆಯೇ? ಬೈಯಲಿಲ್ಲ. ತರಗತಿಗೆ ಬಂದು, ಖಾಲಿ ಜಾಗಕ್ಕೆ ಅಡಿಕೆ ಮಂಡಿಯ ಕ್ಯಾಲೆಂಡರ್ ಎಂದು ತುಂಬಿಸಿ ಓದಿದರು: ‘ಅಡಿಕೆ ಮಂಡಿಯ ಕ್ಯಾಲೆಂಡರಿನಲ್ಲಿ ಬದುಕಿನ ಕಟುಸತ್ಯವು ಮನಮುಟ್ಟುವಂತೆ ಮೂಡಿಬಂದಿದೆ.’ ಇಡೀ ಕೋಣೆ ನಕ್ಕಿತು. ಅಂದಿನಿಂದ ಅದೇ ನಮ್ಮ ಪರೀಕ್ಷೆಯಾಯಿತು. ಬರೆದ ವಾಕ್ಯದಲ್ಲಿ ಕೃತಿಯ ಹೆಸರು ತೆಗೆದು ಬೇರೊಂದು ಹೆಸರು ಹಾಕಿ ಓದಬೇಕು. ಆಗಲೂ ವಾಕ್ಯ ನಿಂತರೆ ಅದು ಯಾವ ಕೃತಿಯ ಬಗ್ಗೆಯೂ ಅಲ್ಲ.

ಚಿತ್ರಕಲೆಗೂ ಇದೇ ಕ್ರಮ. ಭೂಮಿ ಹುಣ್ಣಿಮೆಯ ಹೊತ್ತಿಗೆ ಸಾಗರದ ಕಡೆಯ ಹುಡುಗಿಯೊಬ್ಬಳು ಭೂಮಣ್ಣಿ ಬುಟ್ಟಿ, ಎಂದರೆ ಆ ಹಬ್ಬದ ಪೂಜೆಗೆ ಒಯ್ಯುವ ಚಿತ್ತಾರದ ಬುಟ್ಟಿ, ತಂದಿದ್ದಳು, ಅದನ್ನು ಮೇಜಿನ ಮೇಲಿಟ್ಟು ಪಾಠ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಚಿತ್ತಾರ ಅದು. ಕೆಮ್ಮಣ್ಣು ಬಳಿದ ಮೈ, ನೆನೆಸಿ ಅರೆದ ಅಕ್ಕಿಯ ಬಿಳಿ, ಕರಿದಾಗುವಷ್ಟು ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ‘ಗ್ರಾಮೀಣ ಮಹಿಳೆಯರ ಅದ್ಭುತ ಪ್ರತಿಭೆ’ ಎಂದು ಬರೆಯುವ ಹಾಗಿಲ್ಲ. ಎಳೆಗಳು ಎಷ್ಟು, ಯಾವುದು ಮೊದಲು ಬಿದ್ದದ್ದು, ಯಾವುದು ಅದರ ಮೇಲೆ ಹಾಯ್ದದ್ದು, ನಾರಿನ ಕುಂಚದಲ್ಲಿ ಬಣ್ಣ ಮುಗಿದು ಮತ್ತೆ ಅದ್ದಿದ್ದು ಎಲ್ಲಿ, ಬುಟ್ಟಿಯ ಉಬ್ಬಿಗೆ ನೇರಗೆರೆ ಹೇಗೆ ಹೊಂದಿಕೊಂಡಿತು? ಇಷ್ಟನ್ನು ಎಡಪುಟಕ್ಕೆ ಇಳಿಸಿದ ಮೇಲೆ ಬಲಪುಟಕ್ಕೆ ಬರೆಯುವುದು ತಾನಾಗಿ ಸಿಗುತ್ತದೆ.

ಸಿನಿಮಾಕ್ಕೆ ಅವರು ಆರಿಸಿಕೊಳ್ಳುತ್ತಿದ್ದದ್ದು ‘ಘಟಶ್ರಾದ್ಧ’. 1977ರದು, ಕಪ್ಪು ಬಿಳುಪು. ಕಥೆ ಬರೆದ ಅನಂತಮೂರ್ತಿ, ನಿರ್ದೇಶಿಸಿದ ಕಾಸರವಳ್ಳಿ ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಕಥೆ ಓದಿ ಸಿನಿಮಾ ನೋಡಿದವರು ಸಾಮಾನ್ಯವಾಗಿ ‘ಕಥೆಯಲ್ಲಿದ್ದ ಇಂಥದ್ದು ಇಲ್ಲಿಲ್ಲ’ ಎಂಬ ಪಟ್ಟಿ ಮಾಡುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಎರಡು ಮೂರು ನಿಮಿಷದ ಒಂದೇ ದೃಶ್ಯ ಹಿಡಿದು, ಮೊದಲು ಸದ್ದು ಬಂದ್ ಮಾಡಿ ನೋಡಬೇಕು, ಆಮೇಲೆ ಕಣ್ಣು ಮುಚ್ಚಿ ಕೇಳಬೇಕು. ಕ್ಯಾಮೆರಾ ಹುಡುಗ ನಾಣಿಯ ಕಣ್ಣಿನ ಎತ್ತರದಲ್ಲಿದೆಯೋ ದೊಡ್ಡವರದ್ದರಲ್ಲೋ, ಬಸಿರಾದ ವಿಧವೆ ಯಮುನಕ್ಕನಿಂದ ಎಷ್ಟು ದೂರ, ಶಾಟ್ ಎಷ್ಟು ಹೊತ್ತು ನಿಂತಿತು, ಬಿ. ವಿ. ಕಾರಂತರ ಸಂಗೀತ ಎಲ್ಲಿ ಬಂತು, ಎಲ್ಲಿ ಬೇಕೆಂದೇ ಬರಲಿಲ್ಲ. ನಾಣಿಗೆ ಎಷ್ಟು ಅರ್ಥವಾಗಿದೆ ಎಂಬುದನ್ನು ಕಥೆ ಮಾತಿನಲ್ಲಿ ಹೇಳಬಲ್ಲದು, ಸಿನಿಮಾ ಇವುಗಳಿಂದಲೇ ಹೇಳಬೇಕು.

ಬರೆಯಲು ಕೂತಾಗ ಕಥಾಸಾರ ಮೂರು ವಾಕ್ಯ ಮೀರಬಾರದು. ಉದ್ಧರಣೆ ಒಂದು ಸಾಲು ಸಾಕು, ಅದರ ಬೆನ್ನಿಗೇ ಅದರಲ್ಲಿನ ಒಂದು ಪದದ ಬಗ್ಗೆ ಮಾತು ಬರಬೇಕು. ‘ನನಗೆ’ ಎಂದು ಶುರುವಾದ ವಾಕ್ಯದ ನಂತರ ‘ಯಾಕೆಂದರೆ’ ಬರಲೇಬೇಕು. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಬರೆಯಬಹುದು. ಅದಕ್ಕೂ ಸಾಲು ತೋರಿಸಿದರೆ ಅವರು ಪೂರ್ತಿ ಅಂಕ ಕೊಡುತ್ತಿದ್ದರು.

ಈಗ ನಾನೂ ಪಾಠ ಮಾಡುತ್ತೇನೆ. ಸೈಬರ್ ಸೆಂಟರಿನಿಂದ ಪ್ರಿಂಟ್ ಆಗಿ ಬರುವ ‘ಪ್ರಾಜೆಕ್ಟ್’ಗಳನ್ನು, ಮೊಬೈಲಿನಲ್ಲಿ ಸಿದ್ಧವಾಗಿ ಸಿಗುವ ಸಾರಾಂಶಗಳನ್ನು ನೋಡಿದರೆ ಸಂಕಟವಾಗುತ್ತದೆ. ಮಕ್ಕಳದ್ದು ತಪ್ಪಲ್ಲ, ಒಂದು ಅಂಕದ ಪ್ರಶ್ನೆಗಳ ನಡುವೆ ಪದ್ಯವನ್ನು ಮೂರು ಸಲ ಓದುವಷ್ಟು ಪಿರಿಯಡ್ಡೇ ಅವರಿಗೆ ಸಿಗುತ್ತಿಲ್ಲ. ಆದರೂ ನನ್ನ ತರಗತಿಯ ಹಾಳೆಗಳು ಬೇರೆಯೇ ಕಾಣುತ್ತವೆ ಎಂದು ಮೌಲ್ಯಮಾಪನಕ್ಕೆ ಬಂದವರು ಹೇಳಿದ್ದುಂಟು. ಅದನ್ನು ಇಲ್ಲಿ ಹೆಮ್ಮೆಯಿಂದಲೇ ಬರೆಯುತ್ತೇನೆ, ಅದರ ಪಾಲು ಮೇಷ್ಟ್ರದ್ದು.

ಬರುವ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಹಾರ, ಶಾಲು, ಭಾಷಣಕ್ಕೆ ಇಟ್ಟ ಹೊತ್ತಿನಲ್ಲಿ ಒಂದು ಗಂಟೆಯನ್ನು ಈಗಿನ ಮಕ್ಕಳ ಜೊತೆ ಒಂದು ಪದ್ಯ ಓದುವುದಕ್ಕೆ ಬಿಡೋಣ ಎಂದು ಸಂಘದ ಗೆಳೆಯರನ್ನು ಕೇಳುತ್ತಿದ್ದೇನೆ. ಪದ್ಯದ ಜೆರಾಕ್ಸ್, ಪೆನ್ಸಿಲ್, ಲೈಬ್ರರಿಯಿಂದ ಒಂದು ನಿಘಂಟು ಇದ್ದರೆ ಸಾಕು. ಪದ್ಯವನ್ನು ಮಕ್ಕಳೇ ಆರಿಸಲಿ.