ತೀರಿತು

ಕನ್ನಡದಲ್ಲಿ ಸಾಲ ತೀರುತ್ತದೆ, ಹರಕೆ ತೀರುತ್ತದೆ, ಮನುಷ್ಯರೂ ತೀರಿಹೋಗುತ್ತಾರೆ. ಸತ್ಯವೇದವನ್ನು ಕನ್ನಡಕ್ಕೆ ತಂದವರು ಯೋಹಾನನ ಸುವಾರ್ತೆಯ 19ನೇ ಅಧ್ಯಾಯದ 30ನೇ ವಚನಕ್ಕೆ ಈ ಕ್ರಿಯಾಪದವನ್ನೇ ಆರಿಸಿಕೊಂಡರು. ಶಿಲುಬೆಯ ಮೇಲಿದ್ದ ಯೇಸು ಹುಳಿರಸ ತೆಗೆದುಕೊಂಡ ಮೇಲೆ ‘ತೀರಿತು’ ಎಂದು ಹೇಳಿ, ತಲೆಬಾಗಿಸಿ ಪ್ರಾಣಬಿಟ್ಟ. ಗ್ರೀಕಿನಲ್ಲಿಯೂ ಅದು ಒಂದೇ ಪದ: ತೆತೆಲೆಸ್ತಾಯ್. ಮುಗಿದಿದೆ, ಮುಗಿದದ್ದು ಹಾಗೆಯೇ ಮುಗಿದೇ ಇದೆ ಎನ್ನುವ ಕಾಲರೂಪ ಅದರದು. ಸುವಾರ್ತಾ ನಂಬಿಕೆಯ ಮುಖ್ಯ ಬೋಧನೆಗಳನ್ನೆಲ್ಲ ಈ ಒಂದು ಪದ ಹಿಡಿದೇ ಬಿಡಿಸಬಹುದು. ಅದಕ್ಕೆ ಶುಭ ಶುಕ್ರವಾರದಷ್ಟು ಒದಗಿಬರುವ ದಿನ ಇನ್ನೊಂದಿಲ್ಲ.

ಚಿಕ್ಕಮಗಳೂರಿನ ಕಡೆ ಈ ಹಬ್ಬ ಬರುವ ಹೊತ್ತಿಗೆ ಕಾಫಿ ಕೊಯ್ಲು ಮುಗಿದು ತೋಟದವರು ಹೂಮಳೆಗೆ ಕಾಯುತ್ತಿರುತ್ತಾರೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ಅದಕ್ಕೇ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಹಿಂದೆ ಮುಂದೆ ಓಡಾಡುತ್ತದೆ. 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಅನೇಕ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಆರಾಧನೆ. ಹನ್ನೆರಡರಿಂದ ಮೂರರ ತನಕ ದೇಶದ ಮೇಲೆಲ್ಲ ಕತ್ತಲೆ ಕವಿಯಿತೆಂದು ಸುವಾರ್ತೆಗಳು ಹೇಳುವುದರಿಂದ ಆ ಮೂರು ಗಂಟೆ. ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಧ್ಯಾನ.

ಲೆಕ್ಕ ಹಾಕಿದರೆ ಒಂದು ಮಾತಿಗೆ 25 ನಿಮಿಷ ಸಿಗುತ್ತದೆ. ಹಾಡಿಗೆ 5, ಮೌನಕ್ಕೆ ಮತ್ತು ಪ್ರಾರ್ಥನೆಗೆ 5, ಓದಿಗೆ 2 ತೆಗೆದರೆ ಬೋಧಕರಿಗೆ ಉಳಿಯುವುದು 12–13 ನಿಮಿಷ. ಎಡವುವುದು ಇಲ್ಲೇ. ಮೊದಲ ಮೂವರು ತಲಾ 35 ನಿಮಿಷ ನುಂಗುತ್ತಾರೆ. ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನ ಕತೆ, ತಾಯಿಯ ಕಣ್ಣೀರು, ಎಲ್ಲವೂ ವಿಸ್ತಾರವಾಗಿ ಬರುತ್ತದೆ. ಎರಡೂಮುಕ್ಕಾಲಿಗೆ ಆರನೆಯ ಮಾತಿನ ಸರದಿ. ಆ ಬೋಧಕರು ಗಡಿಯಾರ ನೋಡಿಕೊಂಡು ನಾಲ್ಕು ಮಾತು ಆಡಿ ಇಳಿಯುತ್ತಾರೆ. ಆ ಆರನೆಯದೇ ‘ತೀರಿತು’. ಸಭಾಪಾಲಕರು ಪಟ್ಟಿ ಮಾಡುವಾಗ ಆರನೆಯದನ್ನು ಪಳಗಿದವರಿಗೆ ಕೊಟ್ಟು, ಮೊದಲನೆಯದನ್ನು ಮಿತವಾಗಿ ಮಾತಾಡುವವರಿಗೆ ಕೊಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ.

ಇನ್ನೊಂದು ಎಚ್ಚರ. ಆ ಕಾಲದ ಸಾಲದ ರಸೀದಿಗಳ ಮೇಲೆ ತೆತೆಲೆಸ್ತಾಯ್ ಎಂದು ಬರೆದು ಚುಕ್ತಾ ಮಾಡುತ್ತಿದ್ದರು ಎಂಬ ಮಾತು ಪ್ರಸಂಗಪೀಠದಿಂದ ಆಗಾಗ ಕೇಳಿಬರುತ್ತದೆ. ಅದಕ್ಕೆ ಕೊಡುವ ಆಧಾರ ಗಟ್ಟಿಯಲ್ಲ, ಅದನ್ನು ನೆಚ್ಚಿ ಬೋಧಿಸುವ ಅಗತ್ಯವೂ ಇಲ್ಲ. ಅದೇ ಕ್ರಿಯಾಪದವನ್ನು ಮತ್ತಾಯ 17:24 ದೇವಾಲಯದ ತೆರಿಗೆ ಕಟ್ಟುವುದಕ್ಕೆ ಬಳಸಿದೆ. ನಮ್ಮ ಮೇಲಿದ್ದ ಸಾಲಪತ್ರವನ್ನು ದೇವರು ಅಳಿಸಿ ಶಿಲುಬೆಗೆ ಜಡಿದನೆಂದು ಕೊಲೊಸ್ಸೆ 2:14 ನೇರವಾಗಿಯೇ ಹೇಳುತ್ತದೆ. ಇಷ್ಟು ಸಾಕು.

ಸಾಲ ಯಾವುದು? ಇದಕ್ಕೆ ಉತ್ತರ ಸಡಿಲವಾದರೆ ಮುಂದಿನದೆಲ್ಲ ಸಡಿಲ. ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಬಿದ್ದಾಗ ಮೊದಲು ಕಣ್ಣಿಗೆ ಬೀಳುವುದು ಹಳದಿ ತಿರುಗಿದ ಎಲೆ. ಹೊಸಬರು ಗೊಬ್ಬರ ಸಾಲದೆಂದು ಬುಡಕ್ಕೆ ಗೊಬ್ಬರ ಸುರಿಯುತ್ತಾರೆ. ತಿಳಿದವರು ಕಾಂಡದ ಮೇಲೆ ಕೈಯಾಡಿಸಿ ನೋಡುತ್ತಾರೆ. ತೊಗಟೆಯ ಮೇಲೆ ಏಣು ಏಣಾಗಿ ಉಬ್ಬಿದ್ದರೆ ಹುಳು ಒಳಗೆ ಸುರಂಗ ಕೊರೆದಿದೆ ಎಂದೇ ಅರ್ಥ. ಮೇಲಿಂದ ಏನು ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ. ಜೀರುಂಡೆ ಹೊರಬಿದ್ದು ಹಾರುವ ಏಪ್ರಿಲ್–ಮೇ, ಅಕ್ಟೋಬರ್–ಡಿಸೆಂಬರ್‌ಗೆ ಮೊದಲೇ ಅಂಥ ಗಿಡವನ್ನು ಕಿತ್ತು ಸುಡಬೇಕು. ಪಾಪದ ವಿಷಯದಲ್ಲಿ ಸತ್ಯವೇದದ ಮಾತೂ ಇದೇ ಬಗೆಯದು. ಕೆಟ್ಟದ್ದು ಹೊರಡುವುದು ಮನುಷ್ಯನ ಹೃದಯದ ಒಳಗಿಂದ ಎಂದು ಯೇಸು ಮಾರ್ಕ 7:21ರಲ್ಲಿ ಹೇಳುತ್ತಾನೆ. ಸುಳ್ಳು, ಹೊಟ್ಟೆಕಿಚ್ಚು, ಕುಡಿತ ಇವೆಲ್ಲ ಹಳದಿ ಎಲೆ. ಅದಕ್ಕೇ ಧರ್ಮಶಾಸ್ತ್ರ ಅರೆದು ಕುಡಿದಿದ್ದ ನಿಕೊದೇಮನಿಗೆ ಆತ ಇನ್ನೊಂದು ವ್ರತ ಸೂಚಿಸಲಿಲ್ಲ, ಹೊಸದಾಗಿ ಹುಟ್ಟಬೇಕೆಂದ. ಕಿತ್ತ ಗುಂಡಿಯಲ್ಲಿ ಬೇರೆ ಸಸಿಯನ್ನೇ ನೆಡಬೇಕು. ನೆಡುವವನು ಪವಿತ್ರಾತ್ಮ. ಗಿಡ ತನ್ನನ್ನು ತಾನೇ ಕಿತ್ತುಕೊಂಡು ನೆಟ್ಟುಕೊಳ್ಳುವುದಿಲ್ಲವಲ್ಲ.

ತೀರಿಸಿದವನು ಯಾರು ಎಂಬಲ್ಲಿಯೂ ತಪ್ಪುವುದು ಸುಲಭ. ಸಿಟ್ಟಾದ ತಂದೆ, ನಡುವೆ ಸಿಕ್ಕಿಬಿದ್ದ ಅಮಾಯಕ ಮಗ ಎಂದು ಚಿತ್ರಿಸುವವರಿದ್ದಾರೆ. ಹಾಗೆ ಹೇಳಿದರೆ ಶಿಲುಬೆ ಅನ್ಯಾಯವಾಗುತ್ತದೆ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನಗೆ ಸಮಾಧಾನಪಡಿಸಿಕೊಂಡನು ಎಂಬುದು 2 ಕೊರಿಂಥ 5:19ರ ಅರ್ಥ. ಕ್ರಿಸ್ತನು ನಿತ್ಯಾತ್ಮನ ಮೂಲಕ ತನ್ನನ್ನು ತಾನೇ ಅರ್ಪಿಸಿಕೊಂಡನೆಂದು ಇಬ್ರಿಯ 9:14 ಹೇಳುತ್ತದೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ಮನಸ್ಸಿನಿಂದ ಮಾಡಿದ ಕೆಲಸ ಅದು. ಭಾನುವಾರ ಶಾಲೆಯಲ್ಲಿ ಈ ಮೂವರೂ ಒಬ್ಬನೇ ದೇವರು ಎಂಬ ತ್ರಯೈಕ್ಯವನ್ನು ನೀರು, ಮಂಜುಗಡ್ಡೆ, ಆವಿ ಎಂದು ಹೇಳಿಕೊಡುವ ರೂಢಿ ಬಿಡುವುದು ಒಳ್ಳೆಯದು. ಅದರಂತೆ ಒಬ್ಬನೇ ಮೂರು ವೇಷ ಹಾಕಿದ ಹಾಗಾಗುತ್ತದೆ, ಗೆತ್ಸೇಮನೆ ತೋಟದಲ್ಲಿ ಮಗ ತಂದೆಗೆ ಮಾಡಿದ ಪ್ರಾರ್ಥನೆ ನಾಟಕವಾಗಿಬಿಡುತ್ತದೆ. ಮೂರು ಖಾತೆ ಹಂಚಿಕೊಂಡ ಮೂರು ದೇವರು ಎಂದರೂ ಅಷ್ಟೇ ತಪ್ಪು. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ. ಮನುಷ್ಯನಾಗದಿದ್ದರೆ ನಮ್ಮ ಪರವಾಗಿ ನಿಲ್ಲಲಾಗುತ್ತಿರಲಿಲ್ಲ, ದೇವರಾಗಿರದಿದ್ದರೆ ಒಬ್ಬನ ಸಾವು ಅನೇಕರಿಗೆ ಈಡಾಗುತ್ತಿರಲಿಲ್ಲ.

ಈಗ ಉಪವಾಸದ ಮಾತು. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ, ಭಾನುವಾರಗಳನ್ನು ಬಿಟ್ಟು 40 ದಿನ. ಕೆಲವು ಸಭೆಗಳು ಇದನ್ನು ಆಚರಿಸುವುದೇ ಇಲ್ಲ, ಅದರಿಂದ ಅವರ ನಂಬಿಕೆಗೆ ಏನೂ ಕಡಿಮೆಯಾಗಿಲ್ಲ. ಆಚರಿಸುವವರು ಮಾಂಸ ಬಿಡುತ್ತಾರೆ, ಒಪ್ಪೊತ್ತು ಉಣ್ಣುತ್ತಾರೆ, ಉಳಿದ ದುಡ್ಡನ್ನು ಬಡವರಿಗೆ ತೆಗೆದಿಡುತ್ತಾರೆ. ಎಲ್ಲ ಸರಿಯೇ. ಆದರೆ ಮಗಳಿಗೆ ಸಂಬಂಧ ಕೂಡಿಬರಲಿ, ತೋಟದ ಕೇಸು ಗೆಲ್ಲಲಿ ಎಂದು ನಲವತ್ತು ದಿನವನ್ನು ಹರಕೆಯಾಗಿ ಕಟ್ಟಿಕೊಳ್ಳುವುದು, ಅಥವಾ ವರ್ಷದ ಪಾಪಕ್ಕೆ ಇದನ್ನು ಕಂತು ಎಂದು ಎಣಿಸುವುದು ಬೇರೆ ದಾರಿ. ಕಾಫಿ ತೋಟಗಳಲ್ಲಿ ಮುಂಗಡದ ಪದ್ಧತಿ ಗೊತ್ತಿರುವವರಿಗೆ ಇದು ಬೇಗ ಹಿಡಿಸುತ್ತದೆ. ಕೊಯ್ಲಿಗೆ ಮೊದಲು ಪಡೆದ ಮುಂಗಡವನ್ನು ವಾರದ ಬಟವಾಡೆಯಲ್ಲಿ ಇಷ್ಟಿಷ್ಟೇ ಹಿಡಿಯುತ್ತಾರೆ. ಪೂರ್ತಿ ತೀರಿದ ಮೇಲೂ ಹಿಡಿದರೆ ಕೆಲಸಗಾರರ ಲೈನ್‌ಮನೆಯ ಯಾವ ಹೆಂಗಸೂ ಸುಮ್ಮನಿರುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ ಮುಂದೆ ಪುಸ್ತಕ ತೆಗೆಸಿ, ‘ನಂದು ತೀರೈತಲ್ಲ ಸಾರ್, ಮತ್ಯಾಕೆ ಹಿಡಿದ್ರಿ?’ ಎಂದು ಕೇಳುತ್ತಾಳೆ. ಅವಳು ಕೇಳಿದ್ದೇ ಗಲಾತ್ಯದವರಿಗೆ ಬರೆದ ಪತ್ರಿಕೆಯ ಸಾರ. ಕ್ರಿಸ್ತನು ತೀರಿಸಿದ ಲೆಕ್ಕಕ್ಕೆ ನಾವಾಗಿಯೇ ಹೋಗಿ ‘ಇನ್ನೂ ಸ್ವಲ್ಪ ಹಿಡೀರಿ ಸ್ವಾಮಿ’ ಎನ್ನುವುದು ಭಕ್ತಿಯಂತೆ ಕಾಣುತ್ತದೆ, ಆದರೆ ಅದರಡಿಯಲ್ಲಿ ಅಪನಂಬಿಕೆಯಿದೆ. ಕೂಲಿಯಾದರೆ ಅದು ಕೃಪೆಯಲ್ಲ ಎಂದು ರೋಮಾಪುರ 4:4 ಗೆರೆ ಎಳೆದು ಹೇಳುತ್ತದೆ.

ಹಾಗಾದರೆ ಒಳ್ಳೆಯ ಕೆಲಸ? ಕೃಪೆಯಿಂದಲೇ ರಕ್ಷಣೆ ಎನ್ನುವ ಎಫೆಸ 2:8–9 ಓದಿ ನಿಲ್ಲಿಸುವವರು ಹತ್ತನೆಯ ವಚನವನ್ನೂ ಓದಬೇಕು. ಸತ್ಕಾರ್ಯಗಳಿಂದ ರಕ್ಷಣೆಯಿಲ್ಲ, ಸತ್ಕಾರ್ಯಗಳಿಗಾಗಿ ರಕ್ಷಣೆ. ಹಾಸನದ ರೆಡ್‌ಫರ್ನ್ ಆಸ್ಪತ್ರೆಯನ್ನು ಕಟ್ಟಿದ ವೆಸ್ಲಿಯನ್ ಮಿಷನ್ ಯಾರ ಹೆಸರು ಹೊತ್ತಿತ್ತೋ ಆ ಜಾನ್ ವೆಸ್ಲಿ ಪಾದ್ರಿಯಾಗಿ, ಅಮೆರಿಕದ ಜಾರ್ಜಿಯಕ್ಕೆ ಮಿಷನರಿಯಾಗಿ ಹೋಗಿಬಂದ ಮೇಲೆಯೂ ತನಗೆ ನಂಬಿಕೆಯಿಲ್ಲವೆಂದು ತೊಳಲಾಡಿದವರು. 1738ರ ಮೇ 24ರಂದು ಲಂಡನ್ನಿನಲ್ಲಿ, ರೋಮಾಪುರದವರ ಪತ್ರಿಕೆಗೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಪೀಠಿಕೆಯನ್ನು ಯಾರೋ ಓದುತ್ತಿದ್ದಾಗ, ಕ್ರಿಸ್ತನು ತನ್ನ ಪಾಪವನ್ನೂ ತೆಗೆದನೆಂಬ ಭರವಸೆ ಅವರಿಗೆ ಹುಟ್ಟಿತು. ಊರೂರು ತಿರುಗಿ ಬಯಲಲ್ಲಿ ಸಾರಿದ್ದೆಲ್ಲ ಆಮೇಲೆ. ಕ್ರಮ ಹೀಗೆ: ತೀರಿದ್ದು ಮೊದಲು, ದುಡಿದದ್ದು ನಂತರ.

ಶುಭ ಶುಕ್ರವಾರದ ಹಿಂದಿನ ಗುರುವಾರ ಸಂಜೆ, ರೊಟ್ಟಿ ಮುರಿದು ದ್ರಾಕ್ಷಾರಸ ಕುಡಿದು ಯೇಸುವಿನ ಸಾವನ್ನು ನೆನೆಯುವ ಕರ್ತನ ಭೋಜನಕ್ಕೆ ಸ್ವಲ್ಪ ಅಡುಗೆಮನೆಯ ಸಿದ್ಧತೆ ಬೇಕು. ಹುಳಿಯದ ದ್ರಾಕ್ಷಾರಸ ಬಳಸುವ ಸಭೆಗಳಲ್ಲಿ 1 ಕೆಜಿ ಕಪ್ಪು ದ್ರಾಕ್ಷಿಗೆ 250 ಮಿಲಿ ನೀರು ಹಾಕಿ, ಸ್ಟೀಲ್ ಪಾತ್ರೆಯಲ್ಲಿ ಸಿಪ್ಪೆ ಬಿರಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿದರೆ 600–700 ಮಿಲಿ ಬರುತ್ತದೆ. 10 ಮಿಲಿಯ ಪುಟ್ಟ ಲೋಟಗಳಲ್ಲಿ 60 ಜನಕ್ಕೆ ಸಾಕು. ಮಿಕ್ಸಿಗೆ ಹಾಕಬಾರದು, ಬೀಜ ನುರಿದರೆ ಒಗರು. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ಕುದಿಸದ ರಸವನ್ನು ಬುಧವಾರವೇ ಹಿಂಡಿ ಹೊರಗಿಟ್ಟರೆ ಬೇಸಿಗೆಗೆ ಗುರುವಾರ ಸಂಜೆಯೊಳಗೆ ನೊರೆ ಏಳುತ್ತದೆ. ರೊಟ್ಟಿಗೆ ಗೋಧಿಹಿಟ್ಟು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ಹುಳಿ ಹಾಕದೆ ದಪ್ಪಗೆ ಲಟ್ಟಿಸಿ ಅದೇ ದಿನ ಬೇಯಿಸಬೇಕು. ಹಿಂದಿನ ದಿನದ್ದಾದರೆ ಮುರಿಯುವಾಗ ಪುಡಿಪುಡಿಯಾಗಿ ಮೇಜೆಲ್ಲ ಚೆಲ್ಲುತ್ತದೆ.

ಆ ಮೇಜಿನ ಮೇಲೆ ಬಲಿ ಮತ್ತೆ ನಡೆಯುವುದಿಲ್ಲ. ಇಬ್ರಿಯ 10:11–12ರಲ್ಲಿ ಒಂದು ಸಣ್ಣ ವಿವರವಿದೆ: ಹಳೆಯ ಯಾಜಕರು ದಿನದಿನವೂ ನಿಂತುಕೊಂಡೇ ಸೇವೆ ಮಾಡುತ್ತಿದ್ದರು, ಕ್ರಿಸ್ತನಾದರೋ ಒಂದೇ ಬಲಿ ಅರ್ಪಿಸಿ ಕುಳಿತುಕೊಂಡ. ಆ ಯಾಜಕರು ಸೇವೆ ಮಾಡುತ್ತಿದ್ದ ದೇವದರ್ಶನದ ಗುಡಾರದ ಸಾಮಾನುಗಳ ಪಟ್ಟಿಯಲ್ಲಿ ಮೇಜಿದೆ, ದೀಪಸ್ತಂಭವಿದೆ, ಕುರ್ಚಿ ಇಲ್ಲ. ಕೆಲಸ ತೀರದವರಿಗೆ ಕುರ್ಚಿ ಯಾಕೆ?

ಈ ಭೋಜನಕ್ಕೆ ಬಾರದೆ ಹಿಂದಿನ ಬೆಂಚಿನಲ್ಲೇ ಉಳಿಯುವವರು ಪ್ರತಿ ಸಭೆಯಲ್ಲಿಯೂ ಇರುತ್ತಾರೆ. ‘ನಾನು ಯೋಗ್ಯಳಲ್ಲಮ್ಮ’ ಎನ್ನುತ್ತಾರೆ. 1 ಕೊರಿಂಥ 11:27ರಲ್ಲಿರುವುದು ‘ಅಯೋಗ್ಯವಾಗಿ’ ಎಂಬ ಕ್ರಿಯಾವಿಶೇಷಣ, ‘ಅಯೋಗ್ಯರು’ ಎಂಬ ನಾಮಪದವಲ್ಲ. ಆ ಪತ್ರಿಕೆ ಬರೆದ ಪೌಲ ಗದರಿದ್ದು ಬಡವರನ್ನು ಹಸಿದಿರಲು ಬಿಟ್ಟು ತಾವು ಮೊದಲೇ ಉಂಡು ಕುಡಿದ ಕೊರಿಂಥದ ಸಿರಿವಂತರ ನಡತೆಯನ್ನು. ಯೋಗ್ಯರಿಗೆ ಮಾತ್ರ ಎಂದಿದ್ದರೆ ಆ ಮೇಜು ಖಾಲಿ ಇರುತ್ತಿತ್ತು. ತನ್ನನ್ನು ಪರೀಕ್ಷಿಸಿಕೊಂಡು, ಜಗಳವಾದವರ ಜೊತೆ ರಾಜಿಯಾಗಿ ಬರಬೇಕು. ಆದರೆ ಬರಬೇಕು.

ಇಷ್ಟೆಲ್ಲ ನಿಂತಿರುವುದು ಭಾನುವಾರದ ಮೇಲೆ. ಕ್ರಿಸ್ತನು ಎದ್ದುಬರದಿದ್ದರೆ ನೀವು ಇನ್ನೂ ನಿಮ್ಮ ಪಾಪದಲ್ಲಿಯೇ ಇದ್ದೀರಿ ಎಂದು 1 ಕೊರಿಂಥ 15:17 ಮುಲಾಜಿಲ್ಲದೆ ಹೇಳುತ್ತದೆ. ಸಾಲ ತೀರಿತೆಂಬುದಕ್ಕೆ ತಂದೆ ಕೊಟ್ಟ ಗುರುತು ಖಾಲಿ ಸಮಾಧಿ. ಮಲೆನಾಡಿನಲ್ಲಿ ಈ ಹೊತ್ತಿಗೆ ಒಂದು ಅಂಗುಲ ಹೂಮಳೆ ಬಿದ್ದರೆ ಎಂಟು–ಹತ್ತು ದಿನದಲ್ಲಿ ತೋಟವಿಡೀ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೆ ಬರುತ್ತದೆ. ಈಸ್ಟರ್ ಪ್ರಸಂಗಗಳಲ್ಲಿ ಆ ಹೂವು ನುಸುಳದೆ ಇರುವುದಿಲ್ಲ. ನಮ್ಮ ಮಟ್ಟಿಗೆ ಆ ಹೋಲಿಕೆ ಬೇಡ. ಕಾಫಿ ಪ್ರತಿ ವರ್ಷ ಹೂ ಬಿಡುತ್ತದೆ, ಮೂರ್ನಾಲ್ಕು ದಿನಕ್ಕೆ ಕಂದಿ ಉದುರುತ್ತದೆ, ಅದು ಗಿಡದ ಸ್ವಭಾವ. ಸತ್ತವನು ಏಳುವುದು ಯಾವ ಸ್ವಭಾವವೂ ಅಲ್ಲ. ಯೇಸು ಒಮ್ಮೆ ಎದ್ದ, ಮೈ ಸಮೇತ ಎದ್ದ, ಶಿಷ್ಯರ ಎದುರು ಸುಟ್ಟ ಮೀನಿನ ತುಂಡು ತಿಂದ. ಇನ್ನು ಸಾಯುವುದಿಲ್ಲ. ಮತ್ತೆ ಬರುತ್ತಾನೆ, ಆಗ ಆತನವರೂ ಮೈ ಸಮೇತ ಏಳುತ್ತಾರೆ.

ಅದನ್ನು ನಂಬಿದ್ದರಿಂದಲೇ ಈಸ್ಟರ್ ಮುಂಜಾನೆಯ ಆರಾಧನೆಯನ್ನು ಸಮಾಧಿಗಳ ನಡುವೆ ಇಟ್ಟುಕೊಳ್ಳುವುದು. ಏಪ್ರಿಲ್ ಮೊದಲ ವಾರ ಇಲ್ಲಿ ಸೂರ್ಯ ಮೂಡುವುದು ಸುಮಾರು ಆರೂಕಾಲಿಗೆ. ಐದೂವರೆಗೆ ಸೇರಿದರೆ ಕತ್ತಲಲ್ಲಿ ಶುರುವಾಗಿ ಬೆಳಕಿನಲ್ಲಿ ಮುಗಿಯುತ್ತದೆ. ಶನಿವಾರವೇ ಹುಲ್ಲು ಹೆರೆದು, ಸಮಾಧಿಗಳಿಗೆ ಸುಣ್ಣ ಬಳಿದಿರಬೇಕು. ಭಾನುವಾರ ಬೆಳಗ್ಗೆ ಬಳಿದರೆ ಎಲ್ಲರ ಬಿಳಿ ಸೀರೆಗೂ ಸುಣ್ಣ. ಮೇಣದಬತ್ತಿಗೆ ಗಾಳಿ ತಡೆಯಲು ಕಾಗದದ ಲೋಟ ತೂತು ಮಾಡಿ ಸಿಗಿಸಬಹುದು. ಅಲ್ಲಿ ತೀರಿಹೋದವರಿಗಾಗಿ ಬೇಡಿಕೆಯ ಪ್ರಾರ್ಥನೆ ಇರುವುದಿಲ್ಲ, ಅವರಿಗಾಗಿ ಸ್ತೋತ್ರ ಮಾತ್ರ. ಅವರ ಲೆಕ್ಕವನ್ನು ನಾವು ತೀರಿಸಬೇಕಾಗಿಲ್ಲ.

ಒಂದೇ ಒಂದು ತಯಾರಿಯನ್ನು ಎಲ್ಲರೂ ಮರೆಯುತ್ತಾರೆ. ಸಭಾಪಾಲಕರು ‘ಕ್ರಿಸ್ತನು ಎದ್ದಿದ್ದಾನೆ’ ಎಂದಾಗ ಸಭೆಯೆಲ್ಲ ‘ನಿಜವಾಗಿ ಎದ್ದಿದ್ದಾನೆ’ ಎನ್ನಬೇಕು. ಶನಿವಾರ ಸಂಜೆ ಮಕ್ಕಳಿಗೆ ನಾಲ್ಕು ಸಲ ಹೇಳಿಸಿ ಕಲಿಸಿರದಿದ್ದರೆ, ಚಳಿಗೆ ಶಾಲು ಹೊದ್ದು ನಿಂತ ಮುಂದಿನ ಎರಡು ಸಾಲಿನ ಅಜ್ಜಿಯರಷ್ಟೇ ಉತ್ತರ ಕೊಡುತ್ತಾರೆ.