ಅಪ್ಪನ ಕಿವಿ, ಮಗ್ಗದ ಸದ್ದು

ಅಪ್ಪನಿಗೆ ಕಿವಿಯಲ್ಲಿ ಸದಾ ಜೀರುಂಡೆ ಕೂಗಿದ ಹಾಗೆ ಸದ್ದು. ಹಗಲು ಹೇಗೋ ಕಳೆಯುತ್ತೆ, ರಾತ್ರಿ ಲೈಟ್ ಆರಿಸಿದ ಮೇಲೆ ಎದ್ದು ಕೂತುಬಿಡ್ತಾರೆ. 'ವಯಸ್ಸಾಯ್ತಲ್ಲ' ಅಂತ ನೆಂಟರು ಹೇಳಿದಾಗೆಲ್ಲ ನನಗೆ ಸಂಕಟ. ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್‌ಗಳಲ್ಲಿ ಜೀವ ಸವೆಸಿದವರು ಅವರು. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ನಿಂತರೆ ಒಳಗಿವಿಯಲ್ಲಿ ಸದ್ದನ್ನು ಗ್ರಹಿಸೋ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟಲ್ಲ. ಕಿವಿಯಿಂದ ಸಂಕೇತ ಕಮ್ಮಿಯಾದಾಗ ಮಿದುಳು ತನ್ನ ಸೂಕ್ಷ್ಮತೆ ಏರಿಸಿಕೊಳ್ಳುತ್ತೆ. ಆ ಗುಂಯ್ ಹುಟ್ಟೋದು ಹೀಗೆ ಅಂತಾರೆ ತಜ್ಞರು.

ಇದನ್ನು ನಿಲ್ಲಿಸೋ ಮಾತ್ರೆ ಇಲ್ಲ. ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಪರೀಕ್ಷೆ ಮಾಡಿ ಹಿಯರಿಂಗ್ ಏಡ್ ಹಾಕಿಸಿದರು, ಮಲಗುವಾಗ ಪೂರ್ತಿ ನಿಶ್ಶಬ್ದ ಬೇಡ ಅಂದರು. ಈಗ ಫ್ಯಾನ್ ಜೊತೆ ದಿಂಬಿನ ಪಕ್ಕ ರೇಡಿಯೋ ಸಣ್ಣಗೆ ಹಾಡ್ತಿರುತ್ತೆ. ಸದ್ದು ಹೋಗಿಲ್ಲ, ಅದರ ಕಡೆ ಅಪ್ಪನ ಗಮನ ಕಮ್ಮಿಯಾಗಿದೆ, ನಿದ್ದೆ ಬರ್ತಿದೆ. ನಮಗೆ ಅಷ್ಟೇ ದೊಡ್ಡದು.

ಒಂದೇ ಕಿವಿಯಲ್ಲಿ ಸದ್ದು, ನಾಡಿಬಡಿತದ ಲಯದಲ್ಲಿ ಸದ್ದು, ದಿಢೀರನೆ ಕೇಳಿಸದಾಗೋದು: ಇಂಥದ್ದಿದ್ದರೆ ಕಾಯದೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಮತ್ತೆ ಮಗ್ಗದ ಮಾಲೀಕರೇ, ಇವತ್ತು ಶೆಡ್‌ನಲ್ಲಿ ನಿಂತಿರೋ ಹುಡುಗರಿಗೆ ದಯವಿಟ್ಟು ಇಯರ್‌ಪ್ಲಗ್ ಕೊಡಿಸಿ.